ದಣಿಯ ಸೋದರತ್ತೆ

ಊರಿನ ಅರ್ಧದಷ್ಟು ಹಿರಿಯರು ಬಾಯಿಬಿಟ್ಟು ನಕ್ಕರೆ ಕಾಣುವುದು ತನ್ನ ಕೈಕೆಲಸವೇ ಎಂದು ಹಲ್ಲಕ್ಕ ಹೇಳಿಕೊಳ್ಳುತ್ತಿದ್ದಳು. ಅದರಲ್ಲಿ ಉತ್ಪ್ರೇಕ್ಷೆ ಸ್ವಲ್ಪವೇ ಇತ್ತು. ಇಪ್ಪತ್ತೆರಡು ವರ್ಷಗಳಿಂದ ಅವಳು ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಡಾಕ್ಟರುಗಳು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಸುರಿಯುವುದು, ಮೇಣದಲ್ಲಿ ಒಸಡು ಕಟ್ಟುವುದು, ಅದರಲ್ಲಿ ಒಂದೊಂದೇ ಹಲ್ಲನ್ನು ಸಸಿ ನೆಟ್ಟ ಹಾಗೆ ನೆಡುವುದು, ಆಮೇಲೆ ಮೇಲ್ದವಡೆ ಕೆಳದವಡೆ ಕೂಡಿಸಿ ಟಕಟಕ ಆಡಿಸಿ ನೋಡುವುದು. ಬೀದಿಯಲ್ಲಿ ಯಾರಾದರೂ ಸಿಕ್ಕರೆ ಅವಳು ಮೊದಲು ನೋಡುತ್ತಿದ್ದದ್ದು ಮುಖವನ್ನಲ್ಲ, ಬಾಯನ್ನು. ಹೆಸರು ಮರೆಯುತ್ತಿದ್ದಳು, ದವಡೆ ಮರೆಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮೊಬೈಲ್ ನೋಡುತ್ತಿದ್ದವಳ ತುತ್ತು ಬಾಯಲ್ಲೇ ನಿಂತಿತು. ಚಿಕ್ಕಂದಿನ ವಿಡಿಯೋ ಗೇಮು, ನಾಲ್ಕೂ ಭಾಗ ಒಟ್ಟಿಗೆ ಸೇರಿಸಿ, ಹೊಸ ಯಂತ್ರಗಳಿಗೆ ಹೊಂದುವ ಹಾಗೆ ಮತ್ತೆ ಬಿಡುಗಡೆ ಮಾಡಿದ್ದರು. ಆಟಕ್ಕೆ ನಾಲಿಗೆ ಹೊರಳದಷ್ಟು ಉದ್ದದ ಹೆಸರಿತ್ತು. ಅವಳ ತೌರಿನಲ್ಲಿ ಎಲ್ಲರೂ ಅದನ್ನು ಕರೆಯುತ್ತಿದ್ದದ್ದು ಬಾವಲಿ ಕೋಟೆ ಎಂದು.

ಕಥೆ ಇಷ್ಟೇ. ಬೆಟ್ಟದ ಮೇಲೊಂದು ಕೋಟೆ. ಅದರೊಳಗೆ ನಾನೂರು ವರ್ಷದಿಂದ ಸಾಯದೆ, ಸರಿಯಾಗಿ ಬದುಕದೆ, ಕಂಡವರ ರಕ್ತ ಕುಡಿದುಕೊಂಡಿರುವ ಒಬ್ಬ ದಣಿ. ಕೆಳಗಿನ ಊರಿನಲ್ಲಿ ಗೋರಿ ತೋಡುವವನೊಬ್ಬ. ತಾನು ಹೂತವರೆಲ್ಲ ಎದ್ದು ಕೋಟೆಯ ಕಡೆ ನಡೆದುಬಿಡುತ್ತಾರೆ ಎನ್ನುವುದೇ ಅವನ ಸಂಕಟ. ಹೂತವರು ಹೂತಲ್ಲಿ ಇರದಿದ್ದರೆ ಹೂಳುವವನ ಮರ್ಯಾದೆ ಏನಾಗಬೇಕು? ಹಾಗಾಗಿ ಅವನು ಸನಿಕೆ ಹೆಗಲಿಗೇರಿಸಿ ದಣಿಯನ್ನು ವಿಚಾರಿಸಿಕೊಳ್ಳಲು ಹೊರಡುತ್ತಾನೆ. ದಾರಿಯಲ್ಲಿ ಬಾವಲಿ, ಅಸ್ಥಿಪಂಜರ, ತಲೆಯಿಲ್ಲದ ಕುದುರೆ ಸವಾರ, ಎಲ್ಲಕ್ಕೂ ಸನಿಕೆಯ ಏಟು.

ಮನೆಯಲ್ಲಿ ಗೇಮ್ ಯಂತ್ರವಿತ್ತು, ಆದರೆ ಅದು ಗಂಡನದು. ಲಿಫ್ಟ್ ರಿಪೇರಿ ಮಾಡುವ ಆ ಮನುಷ್ಯ ಅದರಲ್ಲಿ ಫುಟ್‌ಬಾಲ್ ಬಿಟ್ಟು ಬೇರೇನೂ ಆಡಿದವನಲ್ಲ. ಶನಿವಾರ ಮಧ್ಯಾಹ್ನ ಹೆಂಡತಿ ತನ್ನ ಜಾಗದಲ್ಲಿ ಕಾಲು ಮಡಚಿ ಕೂತು ಸನಿಕೆ ಬೀಸುತ್ತಿರುವುದನ್ನು ಅವನು ಬಾಗಿಲಲ್ಲೇ ನಿಂತು ನೋಡಿದ.

"ಇನ್ನು ಎಷ್ಟು ಹೊತ್ತು?"

"ನಾಲ್ಕು ಆಟ ಇದೆ."

"ನಾನು ಕೇಳಿದ್ದು ಎಷ್ಟು ಹೊತ್ತು ಅಂತ."

"ಅಕ್ಟೋಬರ್‌ವರೆಗೆ ಇಟ್ಕೊ" ಎಂದಳು ಹಲ್ಲಕ್ಕ, ಪರದೆಯಿಂದ ಕಣ್ಣು ಕೀಳದೆ.

ಹೊಸ ಸಂಗ್ರಹದಲ್ಲಿ ಒಂದು ಅನುಕೂಲ ಸೇರಿಸಿದ್ದರು. ಸತ್ತರೆ ಒಂದು ಗುಂಡಿ ಒತ್ತಿ ಹಿಡಿದರೆ ಸಾಕು, ಆಟ ಹಿಂದಕ್ಕೆ ಸುತ್ತಿಕೊಂಡು ಹೋಗಿ, ಸತ್ತವನು ಹಳ್ಳದಿಂದ ಮೇಲಕ್ಕೆ ಹಾರಿ ಬಂದು, ಮೊದಲಿನ ಹಾಗೆ ನಿಲ್ಲುತ್ತಿದ್ದ. ಗಂಡ ಅದನ್ನು ಎರಡು ಸಲ ನೋಡಿ, "ಈ ಗುಂಡಿ ಬಾಯಿಗೊಂದು ಇದ್ದಿದ್ರೆ ಎಷ್ಟೋ ಸಂಸಾರ ಉಳೀತಿತ್ತು" ಎಂದು ಪೇಪರ್ ಹಿಡಿದು ಒಳಗೆ ಹೋದ.

ಆ ಗುಂಡಿಯ ಪುಣ್ಯದಿಂದ ಮೊದಲ ಎರಡು ಭಾಗ ಹದಿನೈದು ದಿನದಲ್ಲಿ ಮುಗಿದವು. ಹಲ್ಲಕ್ಕನಿಗೆ ಆಟದ ಬಗ್ಗೆ ಇದ್ದ ದೂರು ಒಂದೇ. ಈಗ ಚಿತ್ರಗಳನ್ನು ದೊಡ್ಡದಾಗಿ, ಸ್ಪಷ್ಟವಾಗಿ ಮಾಡಿದ್ದರಿಂದ ದಣಿಯ ಬಾಯಿ ಚೆನ್ನಾಗಿ ಕಾಣುತ್ತಿತ್ತು. ಚೂಪು ಹಲ್ಲುಗಳನ್ನು ಕೋರೆಹಲ್ಲಿನ ಜಾಗದಲ್ಲಿ ಇಡುವ ಬದಲು ಅದರ ಪಕ್ಕದ ಮುಂದಿನ ಹಲ್ಲಿನ ಜಾಗದಲ್ಲಿ ಇಟ್ಟಿದ್ದರು. ಕೆಳದವಡೆ ಅರ್ಧ ಇಂಚು ಹಿಂದೆ. "ಈ ಬಾಯಲ್ಲಿ ಮನುಷ್ಯರ ಕತ್ತು ಹಾಗಿರ್ಲಿ, ಬಾಳೆಹಣ್ಣೂ ಕಚ್ಚೋಕಾಗಲ್ಲ" ಎಂದು ಅವಳು ಲ್ಯಾಬಿನಲ್ಲಿ ಪಕ್ಕದ ಮೇಜಿನವಳಿಗೆ ಫೋಟೋ ತೋರಿಸಿದಳು. ಪಕ್ಕದ ಮೇಜಿನವಳು ಕನ್ನಡಕ ಏರಿಸಿ ನೋಡಿ, "ನಾನೂರು ವರ್ಷ ಬರೀ ಕುಡಿಯೋದೇ ಅಲ್ವಾ, ಅಗಿಯೋ ಕೆಲಸ ಎಲ್ಲಿದೆ" ಎಂದಳು. ವಿಚಾರ ಸರಿ ಎನ್ನಿಸಿತು.

ಮೂರನೆಯ ಭಾಗ ಶುರುಮಾಡುವ ದಿನ ಹಲ್ಲಕ್ಕ ಟೀವಿಯ ಧೂಳು ಒರೆಸಿದಳು. ಅದಕ್ಕೊಂದು ಕಾರಣವಿತ್ತು.

ಅವಳಿಗೆ ಹನ್ನೆರಡು ವರ್ಷವಾಗಿದ್ದಾಗ ಕಾಮಾಲೆಯಾಗಿ ಆರು ವಾರ ಹಾಸಿಗೆ ಹಿಡಿದಿದ್ದಳು. ಎದ್ದು ಓಡಾಡಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಹಾಸಿಗೆಯಲ್ಲಿ ನಿಲ್ಲುವ ಜಾತಿಯಲ್ಲ ಅವಳು. ಅಪ್ಪ ಆಗಲೇ ತೀರಿಕೊಂಡಿದ್ದ. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್, ಬೆಳಗಿನ ಪಾಳಿ. ಕಾಯುವ ಕೆಲಸ ಹದಿನಾರರ ಅಣ್ಣನ ಪಾಲಿಗೆ ಬಂತು. ಮಹಡಿಯ ಬಾಡಿಗೆ ಮನೆಯಲ್ಲಿದ್ದ ಕಂಪೌಂಡರ್ ಹತ್ತಿರ ಗೇಮ್ ಯಂತ್ರವಿತ್ತು. ಅಣ್ಣ ತಂಗಿ ಇಬ್ಬರೂ ಅಲ್ಲೇ ಮೊದಲ ಎರಡು ಭಾಗ ಆಡಿದ್ದರು, ಮೂರನೆಯದು ಆಗ ತಾನೇ ಬಂದಿತ್ತು. ಅವಳು ಮಹಡಿ ಹತ್ತುವ ಹಾಗಿಲ್ಲವಾದ್ದರಿಂದ ಅಣ್ಣ ದಿನವೂ ಒಂದು ಗಂಟೆ ಮೇಲೆ ಹೋಗಿ ಆಡಿ ಬಂದು, ಹಾಸಿಗೆಯ ಪಕ್ಕ ಸ್ಟೂಲ್ ಎಳೆದುಕೊಂಡು, ಅವತ್ತು ಕೋಟೆಯಲ್ಲಿ ಏನಾಯಿತೆಂದು ಹೇಳುತ್ತಿದ್ದ. ಆರು ವಾರ ಹೇಳಿದ. ಅವಳು ಎದ್ದು ನಡೆಯುವ ಹೊತ್ತಿಗೆ ಕಂಪೌಂಡರ್‌ಗೆ ವರ್ಗವಾಗಿ ಯಂತ್ರದ ಸಮೇತ ಹೊರಟುಹೋಗಿದ್ದ. ಮೂರನೆಯ ಭಾಗವನ್ನು ಹಲ್ಲಕ್ಕ ಕಣ್ಣಾರೆ ನೋಡಲೇ ಇಲ್ಲ. ಆದರೆ ಅದರ ಒಂದೊಂದು ಕೋಣೆಯೂ ಅವಳಿಗೆ ಬಾಯಿಪಾಠವಾಗಿತ್ತು.

ಎಲ್ಲಕ್ಕಿಂತ ಹೆಚ್ಚಾಗಿ ಅವಳು ಎದುರು ನೋಡುತ್ತಿದ್ದದ್ದು ದಣಿಯ ಸೋದರತ್ತೆಯನ್ನು. ಮೂರನೆಯ ಭಾಗದ ಜೀವವೇ ಆ ಹೆಂಗಸು. ಕೋಟೆಯ ಪಶ್ಚಿಮದ ಗೋಪುರದಲ್ಲಿ ಕೂತು ದಣಿಯ ಹರಿದ ಕರಿ ನಿಲುವಂಗಿಗಳಿಗೆ ತೇಪೆ ಹಾಕುತ್ತಾಳೆ. ದಣಿ ರಕ್ತದ ಕಾಲಲ್ಲಿ ಒಳಗೆ ಬಂದರೆ, "ನೆಲ ಒರೆಸೋರು ನಿಮ್ಮಪ್ಪನಾ" ಎಂದು ಬೈಯುತ್ತಾಳೆ. ಮೂರು ಲೋಕ ಹೆದರುವ ದಣಿ ಅವಳ ಮುಂದೆ ಮಾತ್ರ ತಲೆ ತಗ್ಗಿಸುತ್ತಾನೆ. ಹಲ್ಲಕ್ಕ ತನ್ನ ಗಂಡನ ಕಡೆಯ ನಾಲ್ಕು ಅತ್ತೆಯರನ್ನೂ ಇವಳ ಅಳತೆಗೋಲಿನಿಂದಲೇ ಅಳೆದವಳು. ಯಾರೂ ಪಾಸಾಗಿರಲಿಲ್ಲ.

ಮೂರು ಶನಿವಾರ ಆಡಿದಳು. ಪಶ್ಚಿಮದ ಗೋಪುರವೇ ಇರಲಿಲ್ಲ. ಪೂರ್ವದ್ದಿತ್ತು, ಅದರಲ್ಲಿ ಬೆಂಕಿ ಉಗುಳುವ ಒಂದು ಕಪ್ಪೆ ಮಾತ್ರ ಇತ್ತು. ಗೋಡೆಗಳನ್ನೆಲ್ಲ ಸನಿಕೆಯಿಂದ ಕುಟ್ಟಿ ನೋಡಿದಳು. ನೆಲಮಾಳಿಗೆಯ ಗ್ರಂಥಾಲಯ, ಗಾಳಿ ಬೀಸಿದರೆ ನಗುವ ಪಿಯಾನೊ, ಸಾಲ ಕೇಳಲು ಬಂದು ದಾರಿ ತಪ್ಪಿ ಎಂಬತ್ತು ವರ್ಷದಿಂದ ತಿರುಗುತ್ತಿದ್ದ ನೆರೆಯ ಜಮೀನ್ದಾರ, ಒಂದೂ ಇಲ್ಲ. ಇದ್ದದ್ದು ಬಾವಲಿಗಳು, ಇನ್ನಷ್ಟು ಬಾವಲಿಗಳು.

ಭಾನುವಾರ ಬೆಳಗ್ಗೆ ಅಣ್ಣನಿಗೆ ಫೋನ್ ಮಾಡಿದಳು.

ಅಣ್ಣ ಮನೆ ಬ್ರೋಕರ್. ಬಾಡಿಗೆಗೆ ಮನೆ ಹುಡುಕುವವರಿಗೆ ಮನೆ ತೋರಿಸುವುದು ಅವನ ಕೆಲಸ. ಯಾವ ಮನೆಗೆ ಕರೆದೊಯ್ದರೂ ಮೊದಲು ಕಿಟಕಿ ತೆರೆದು "ಗಾಳಿ ನೋಡಿ" ಎನ್ನುತ್ತಿದ್ದದ್ದರಿಂದ ದಂಧೆಯವರೆಲ್ಲ ಅವನಿಗೆ ಕಿಟಕಿ ಎಂದೇ ಹೆಸರಿಟ್ಟಿದ್ದರು. ಗೋಡೆಗೆ ಮುಖ ಮಾಡಿದ ಕಿಟಕಿಯನ್ನೂ ಅವನು ಅಷ್ಟೇ ನಂಬಿಕೆಯಿಂದ ತೆರೆಯಬಲ್ಲವನಾಗಿದ್ದ.

"ಅಣ್ಣ, ಸೋದರತ್ತೆ ಎಲ್ಲಿ?"

"ಯಾರ ಸೋದರತ್ತೆ? ನಮ್ಮತ್ತೆ ಸತ್ತು ಒಂಬತ್ತು ವರ್ಷ ಆಯ್ತಲ್ಲೇ."

"ದಣಿಯ ಸೋದರತ್ತೆ. ಬಾವಲಿ ಕೋಟೆ ಮೂರು. ಮತ್ತೆ ಬಂದಿದೆ, ನಾನು ಆಡ್ತಾ ಇದೀನಿ. ಪಶ್ಚಿಮದ ಗೋಪುರ ಸಿಗ್ತಾ ಇಲ್ಲ."

ಆ ಕಡೆ ಕಿಟಕಿಯೊಂದು ತೆರೆದ ಸದ್ದಾಯಿತು.

"ತೆಗೆದಿರ್ತಾರೆ" ಎಂದ ಅಣ್ಣ. "ಹೊಸದಾಗಿ ಮಾಡುವಾಗ ಎಲ್ಲಾ ಕತ್ತರಿಸಿಬಿಡ್ತಾರೆ. ಈಗಿನ ಕಾಲದಲ್ಲಿ ಅತ್ತೆ ಅಂದ್ರೆ ಯಾರಿಗಾದ್ರೂ ಬೇಜಾರಾಗುತ್ತೆ ಅಂತ ಇರಬೇಕು."

"ಗ್ರಂಥಾಲಯನೂ ತೆಗೆದಿದಾರೆ."

"ಈಗ ಯಾರು ಓದ್ತಾರೆ ಹೇಳು."

"ಪಿಯಾನೊ?"

"ನನಗೆ ಗಿರಾಕಿ ಬಂದಿದಾರೆ, ಇಡ್ತೀನಿ" ಎಂದು ಇಟ್ಟೇಬಿಟ್ಟ.

ಹಲ್ಲಕ್ಕನಿಗೆ ರೇಗಿತು. ಆದರೆ ರೇಗಿದ್ದು ಅಣ್ಣನ ಮೇಲಲ್ಲ, ಕಂಪನಿಯ ಮೇಲೆ. ಒಬ್ಬರ ಬಾಯಲ್ಲಿ ಗಟ್ಟಿಯಾಗಿದ್ದ ಹಲ್ಲನ್ನು ಹೇಳದೆ ಕೇಳದೆ ಕಿತ್ತು, ಸೆಟ್ ಪೂರ್ತಿಯಾಗಿದೆ ಎಂದು ಮಾರುವುದು ಯಾವ ನ್ಯಾಯ? ಅವತ್ತೇ ಕೂತು ಕಂಪನಿಗೆ ಒಂದು ಉದ್ದನೆಯ ಪತ್ರ ಬರೆದಳು. ಸೋದರತ್ತೆ ಎಲ್ಲಿ ಕೂರುತ್ತಾಳೆ, ಏನು ಹೇಳುತ್ತಾಳೆ, ನಿಲುವಂಗಿಗೆ ಯಾವ ಬಣ್ಣದ ದಾರ ಹಾಕುತ್ತಾಳೆ, ಎಲ್ಲ ವಿವರ. ಜೊತೆಗೆ ದವಡೆಯ ವಿಷಯವನ್ನೂ ಸೇರಿಸಿದಳು, ಹೇಗೂ ಬರೆಯುತ್ತಿದ್ದೇನಲ್ಲ ಎಂದು. ಪತ್ರ ಕಳಿಸಿ ಸಮಾಧಾನವಾಗದೆ, ಹಳೇ ಗೇಮುಗಳ ಹುಚ್ಚರೆಲ್ಲ ಸೇರಿ ಹರಟುವ ಒಂದು ಜಾಲತಾಣದಲ್ಲೂ ಅದನ್ನೇ ಹಾಕಿದಳು.

ಮೊದಲ ದಿನ ಯಾರೂ ಉತ್ತರಿಸಲಿಲ್ಲ. ಎರಡನೆಯ ದಿನ ಒಬ್ಬ, "ಅಂಥವಳು ಯಾರೂ ಇಲ್ಲ, ನಾನು ಈ ಆಟವನ್ನು ಐವತ್ತು ಸಲ ಮುಗಿಸಿದ್ದೇನೆ" ಎಂದು ಬರೆದ. ಐವತ್ತು ಸಲ ಎಂದದ್ದೇ ತಪ್ಪಾಯಿತು. ಅವನ ಜಂಬ ಮುರಿಯಬೇಕೆಂದು ಕಾದಿದ್ದ ಇನ್ನೊಬ್ಬ ತಕ್ಷಣ ಬಂದು, "ನಾನು ನೋಡಿದ್ದೇನೆ, ಚಿಕ್ಕವನಿದ್ದಾಗ" ಎಂದ. ಮೂರನೆಯವನಿಗೆ ಅವಳು ಒಂದು ಕಂಬಳಿ ಕೊಟ್ಟಿದ್ದಳಂತೆ. ನಾಲ್ಕನೆಯವನು ದಾರಿಯನ್ನೇ ಬರೆದ: ಕಪ್ಪೆಯ ಕೋಣೆಯಲ್ಲಿ ಎಡಗೋಡೆಯ ಮೂರನೆಯ ಕಲ್ಲನ್ನು ಹದಿನಾಲ್ಕು ಸಲ ಕುಟ್ಟಬೇಕು, ಹದಿನೈದಾದರೆ ಕೆಲಸ ಕೆಟ್ಟಿತು. ವಾರದೊಳಗೆ ಮುನ್ನೂರು ಜನ ಸೋದರತ್ತೆಯ ಬೆನ್ನು ಹತ್ತಿದ್ದರು. ಯಾರೋ ಅವಳ ಚಿತ್ರ ಬರೆದರು. ಅವಳು ಅಪ್ಪನ ತಂಗಿಯೋ ಸೋದರಮಾವನ ಹೆಂಡತಿಯೋ ಎಂದು ಎರಡು ಪಕ್ಷಗಳಾಗಿ, ಪರಸ್ಪರರ ಮನೆತನವನ್ನೆಲ್ಲ ಎತ್ತಿ ಆಡಿಕೊಂಡರು.

ಹಲ್ಲಕ್ಕ ಕಲ್ಲನ್ನು ಹದಿನಾಲ್ಕು ಸಲ ಕುಟ್ಟಿದಳು. ಕಪ್ಪೆ ಬಂದು ಸುಟ್ಟುಹಾಕಿತು.

ಹತ್ತನೆಯ ದಿನ ಕಂಪನಿಯಿಂದ ಉತ್ತರ ಬಂತು. ಬರೆದವರು ಮರ್ಯಾದಸ್ಥರು. ಮೂಲ ಆಟವನ್ನು ಮಾಡಿದ ಹನ್ನೊಂದು ಜನರಲ್ಲಿ ನಾಲ್ವರು ಸಿಕ್ಕರೆಂದೂ, ಅವರನ್ನೆಲ್ಲ ಕೇಳಿದೆವೆಂದೂ, ಅಂಥ ಪಾತ್ರ ಯಾವ ಆವೃತ್ತಿಯಲ್ಲೂ ಇರಲಿಲ್ಲವೆಂದೂ ತಿಳಿಸಿದ್ದರು. "ಆದರೆ ಅವರಲ್ಲಿ ಒಬ್ಬರು, ಇರಬೇಕಿತ್ತು ಎಂದರು" ಎನ್ನುವುದು ಕೊನೆಯ ಸಾಲು. ಹಲ್ಲಿನ ಬಗ್ಗೆ ಒಂದು ಮಾತೂ ಇರಲಿಲ್ಲ.

ಹಲ್ಲಕ್ಕ ಆ ಪತ್ರವನ್ನು ಮೂರು ಸಲ ಓದಿದಳು. ಮತ್ತೆ ಅಣ್ಣನಿಗೆ ಫೋನ್ ಮಾಡಿದಳು. ಎತ್ತಿದ್ದು ಅಮ್ಮ. ಎಪ್ಪತ್ತಾರರ ಅಮ್ಮ ಅಣ್ಣನ ಜೊತೆಗೇ ಇದ್ದಳು. ಫೋನ್ ಬಡಿದರೆ ಯಾರದ್ದೇ ಆಗಲಿ ಮೊದಲು ತಾನೇ ಎತ್ತುವುದು ಮೂವತ್ತು ವರ್ಷದ ನೌಕರಿಯ ಅಭ್ಯಾಸ.

"ಅವನು ಮನೆ ತೋರಿಸೋಕೆ ಹೋಗಿದಾನೆ, ಫೋನ್ ಮರೆತು ಹೋದ. ಏನು ಸಮಾಚಾರ? ಧ್ವನಿ ಯಾಕೆ ಹಾಗಿದೆ?"

ಹಲ್ಲಕ್ಕ ಎಲ್ಲ ಹೇಳಿದಳು. ಆಟ, ಗೋಪುರ, ಮುನ್ನೂರು ಜನ, ಕಂಪನಿಯ ಕಾಗದ. ಅಮ್ಮ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು. ಇದೂ ಎಕ್ಸ್‌ಚೇಂಜಿನ ಅಭ್ಯಾಸವೇ. ಅಲ್ಲಿ ಇತರರ ಮಾತು ಪೂರ್ತಿ ಕೇಳಬೇಕೆಂದರೆ ಉಸಿರೂ ಬಿಡಬಾರದು.

"ಸರಿಯಾಗೇ ಬರೆದಿದಾರೆ" ಎಂದಳು ಅಮ್ಮ. "ಅವರ ಹತ್ರ ಹೇಗಿರುತ್ತೆ? ಆ ಹೆಂಗಸನ್ನ ಹಾಕಿಸಿದ್ದು ನಾನು."

"ಏನು?"

"ಅಷ್ಟು ದೊಡ್ಡ ಮನೆ, ಒಂದು ಹೆಣ್ಣು ದಿಕ್ಕಿಲ್ಲ ಅಂದ್ರೆ ಯಾರು ನಂಬ್ತಾರೆ? ಬಟ್ಟೆ ಯಾರು ಹೊಲೀತಾರೆ ಅಂತ ಕೇಳ್ದೆ ನಿಮ್ಮಣ್ಣನ್ನ. ತಲೆ ಕೆರ್ಕೊಂಡ. ಅದಕ್ಕೆ ಒಬ್ಬಳು ಅತ್ತೆ ಇರ್ಲಿ ಅಂದೆ."

"ಅಮ್ಮ, ನನಗೆ ಅರ್ಥ ಆಗ್ತಾ ಇಲ್ಲ."

"ಆ ಕಂಪೌಂಡರ್ ನೀನು ಮಲಗಿದ ಎರಡನೇ ವಾರಕ್ಕೇ ಖಾಲಿ ಮಾಡ್ಕೊಂಡು ಹೋದ ಕಣೆ. ಆ ಗೇಮಿನ ಪೆಟ್ಟಿಗೇನೂ ತಗೊಂಡು ಹೋದ. ನಿಂಗೆ ಹೇಳ್ಬೇಡ ಅಂತ ಇವನು ನನ್ನ ಕಾಲು ಹಿಡಿದ. ಆಮೇಲೆ ಇಷ್ಟು ದಿನ ಆದ್ರೂ ನೀನು ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಫೋನ್ ಇಟ್ಟ ಮೇಲೆ ಹಲ್ಲಕ್ಕ ಬಾಲ್ಕನಿಯಲ್ಲಿ ಒಣಗಿದ್ದ ಬಟ್ಟೆಗಳನ್ನೆಲ್ಲ ತಂದು ಮಡಚಿದಳು. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದಳು. ಗಂಡ ಬಂದು ಏನಾಯಿತೆಂದು ಕೇಳಿದಾಗ, "ಮೂವತ್ತನಾಲ್ಕು ವರ್ಷ ನನ್ನ ಬಾಯಿಗೆ ಸುಳ್ಳು ಹಲ್ಲು ಕಟ್ಟಿದಾರೆ" ಎಂದಳು. ಅವನು ನಿಜವಾಗಿಯೂ ಅವಳ ಬಾಯಿ ನೋಡಿದ.

ಮುಂದಿನ ಭಾನುವಾರ ಹನ್ನೊಂದು ಗಂಟೆಗೆ ಅಣ್ಣ ಅಮ್ಮನನ್ನು ಕರೆದುಕೊಂಡು ಬಂದ. ಹಲ್ಲಕ್ಕನೇ ಬರಹೇಳಿದ್ದಳು, ಅದೂ "ಬಾ" ಎಂಬ ಒಂದೇ ಅಕ್ಷರದಲ್ಲಿ. ಬಂದವನು ಚಪ್ಪಲಿ ಬಿಟ್ಟು ನೇರ ಕಿಟಕಿಯ ಹತ್ತಿರ ಹೋಗಿ ನಿಂತ.

"ಅಲ್ಲೇನಿದೆ? ಎದುರು ಮನೆ ಪೈಪು" ಎಂದಳು ಹಲ್ಲಕ್ಕ. "ಇಲ್ಲಿ ಬಂದು ಕೂತ್ಕೊ."

ಕೂತ. ಕೂದಲು ನರೆತ, ಹೊಟ್ಟೆ ಬಂದ, ಐವತ್ತರ ಗಂಡಸು ಹೋಮ್‌ವರ್ಕ್ ಮಾಡದ ಹುಡುಗನ ಹಾಗೆ ಸೋಫಾದ ತುದಿಯಲ್ಲಿ ಕೂತ. ಅಮ್ಮ ಒಳ್ಳೆಯ ಕುರ್ಚಿ ನೋಡಿ ಮೊದಲೇ ಕೂತಿದ್ದಳು.

"ಯಂತ್ರ ಹೋದ್ಮೇಲೂ ದಿನಾ ಮೇಲೆ ಹೋಗ್ತಿದ್ದೆಯಲ್ಲ. ಏನು ಮಾಡ್ತಿದ್ದೆ ಅಲ್ಲಿ?"

"ಮೆಟ್ಲ ಮೇಲೆ ಕೂತಿರ್ತಿದ್ದೆ. ಬೀಗ ಹಾಕಿದ ಬಾಗಿಲ ಮುಂದೆ. ಅವತ್ತು ಏನು ಹೇಳೋದು ಅಂತ ಯೋಚನೆ ಮಾಡ್ತಾ. ಒಂದು ಗಂಟೆ ಅಂದ್ರೆ ಕಮ್ಮಿ ಅಲ್ಲ ಕಣೆ. ಒಂದೊಂದು ದಿನ ಏನೂ ಹೊಳೀತಿರ್ಲಿಲ್ಲ. ಆ ಜಮೀನ್ದಾರ ದಾರಿ ತಪ್ಪಿದ್ದು ನಾನು ದಾರಿ ತಪ್ಪಿದ ದಿನ."

"ನಾನು ಪಾಳಿ ಮುಗಿಸಿ ಬಂದು ನೋಡಿದ್ರೆ ಇವನು ಮೆಟ್ಲ ಮೇಲೆ ಕೂತು ಒಬ್ಬನೇ ಮಾತಾಡ್ತಿದ್ದ" ಎಂದಳು ಅಮ್ಮ. "ಒಬ್ಬಳಿಗೆ ಕಾಮಾಲೆ, ಇನ್ನೊಬ್ಬನಿಗೆ ತಲೆ ಕೆಟ್ಟಿದೆ ಅಂದ್ಕೊಂಡೆ. ಆಮೇಲೆ ವಿಷಯ ಗೊತ್ತಾಯ್ತು. ಬಾಗಿಲ ಹಿಂದೆ ನಿಂತು ನಾನೂ ಕೇಳೋಕೆ ಶುರು ಮಾಡ್ದೆ. ಮೊದಮೊದಲು ಚೆನ್ನಾಗಿರ್ಲಿಲ್ಲ. ಬರೀ ಹೊಡೆದಾಟ."

"ಯಾಕೆ ಹೇಳ್ಲಿಲ್ಲ ನನಗೆ? ಯಂತ್ರ ಹೋಯ್ತು ಅಂದಿದ್ರೆ ಏನಾಗ್ತಿತ್ತು?"

"ನೀನು ಹಾಸಿಗೆಯಿಂದ ಎದ್ದು ಓಡಾಡ್ತಿದ್ದೆ" ಎಂದ ಅಣ್ಣ. "ಕಥೆ ಹೇಳೋವಾಗ ಮಾತ್ರ ನೀನು ಅಲ್ಲಾಡದೆ ಮಲಗ್ತಿದ್ದದ್ದು. ನಾನು ಬರೋದು ಐದು ನಿಮಿಷ ತಡ ಆದ್ರೆ ಕಾಲು ಕೆಳಗಿಡ್ತಿದ್ದೆ."

ಹಲ್ಲಕ್ಕನಿಗೆ ಇನ್ನೊಂದು ವಿಷಯ ಕೇಳಬೇಕಿತ್ತು. ವಾರವಿಡೀ ಮೇಣ ತಿದ್ದುತ್ತಾ ಅದನ್ನೇ ಯೋಚಿಸಿದ್ದಳು. ಅಣ್ಣ ಹೇಳಿದ ಕೊನೆ ಅವಳಿಗೆ ಅಕ್ಷರ ಬಿಡದೆ ನೆನಪಿತ್ತು. ಗೋರಿ ತೋಡುವವನು ಸನಿಕೆ ಎತ್ತುತ್ತಾನೆ. ಸೋದರತ್ತೆ ಅಡ್ಡ ಬರುತ್ತಾಳೆ. "ಇವನು ಕೆಟ್ಟವನಲ್ಲಪ್ಪ, ನಾನೂರು ವರ್ಷದಿಂದ ನಿದ್ದೆ ಇಲ್ಲ ಅಷ್ಟೇ. ಇವನನ್ನ ಸರಿಯಾಗಿ ಮಲಗಿಸೋರು ಯಾರೂ ಸಿಗ್ಲಿಲ್ಲ" ಎನ್ನುತ್ತಾಳೆ. ಗೋರಿ ತೋಡುವವನು ಸನಿಕೆ ಇಳಿಸಿ, ತನಗೆ ಗೊತ್ತಿದ್ದ ಕೆಲಸವನ್ನೇ ಮಾಡುತ್ತಾನೆ. ಅಳತೆ ನೋಡಿ, ಮಣ್ಣು ಮೆತ್ತಗೆ ಮಾಡಿ, ಅಂದವಾದ ಒಂದು ಗುಂಡಿ ತೋಡುತ್ತಾನೆ. ಸೋದರತ್ತೆ ದಣಿಯ ತಲೆ ನೇವರಿಸಿ ಮಲಗಿಸುತ್ತಾಳೆ. ಅವನು ಮತ್ತೆ ಏಳುವುದಿಲ್ಲ. ಅದನ್ನು ಹೇಳುವಾಗ ಅಣ್ಣನ ಧ್ವನಿ ಒಡೆದಿತ್ತು.

"ಹಿಂದಿನ ದಿನ ಗ್ರಂಥಾಲಯದಲ್ಲೇ ಇದ್ವಿ" ಎಂದಳು ಹಲ್ಲಕ್ಕ. "ಇನ್ನೂ ಆರು ಕೋಣೆ ಇದೆ ಅಂದಿದ್ದೆ. ಮಾರನೇ ದಿನ ಇದ್ದಕ್ಕಿದ್ದ ಹಾಗೆ ಮುಗಿಸಿಬಿಟ್ಟೆ. ಯಾಕೆ?"

ಅಣ್ಣ ಅಮ್ಮನ ಮುಖ ನೋಡಿದ. ಅಮ್ಮ ಸೆರಗಿನ ಅಂಚು ಸರಿಮಾಡಿಕೊಂಡಳು.

"ಅವತ್ತು ಬೆಳಗ್ಗೆ ಡಾಕ್ಟ್ರು ಬಂದಿದ್ರು" ಎಂದ ಅಣ್ಣ. "ರಿಪೋರ್ಟು ಚೆನ್ನಾಗಿಲ್ಲ, ನಾಳೆವರೆಗೆ ನೋಡೋಣ, ಆಮೇಲೆ ದೇವರಿಟ್ಟ ಹಾಗೆ ಅಂತ ಅಮ್ಮನ ಹತ್ರ ಹೇಳ್ತಿದ್ರು. ನಾನು ಅಲ್ಲೇ ಇದ್ದೆ. ನೀನು ಕಥೆ ಅರ್ಧ ಕೇಳಿ ಹೋಗಬಾರದು ಅನ್ನಿಸ್ತು. ಅದಕ್ಕೆ ಆರು ಕೋಣೇನೂ ಬಿಟ್ಟು ನೇರ ಕೊನೆಗೆ ಬಂದೆ."

ಎದುರು ಮನೆಯ ಪೈಪಿನಲ್ಲಿ ನೀರು ಗಡಗಡ ಇಳಿಯಿತು.

"ಆಮೇಲೆ ನೀನು ಸಾಯ್ಲಿಲ್ಲ" ಎಂದ ಅಣ್ಣ, ಇನ್ನೂ ಆ ಅನ್ಯಾಯ ಮರೆಯದವನಂತೆ. "ಮಾರನೇ ದಿನ ಜ್ವರ ಇಳೀತು. ಎದ್ದು ಕೂತು, ಬಿಟ್ಟ ಆರು ಕೋಣೆ ಹೇಳು ಅಂದೆ. ನನ್ನ ಹತ್ರ ಇನ್ನೇನೂ ಉಳಿದಿರ್ಲಿಲ್ಲ. ಎರಡು ವಾರ ಆ ಆರು ಕೋಣೆಗೆ ನಾನು ಪಟ್ಟ ಪಾಡು ಆ ದೇವರಿಗೇ ಗೊತ್ತು."

ಹಲ್ಲಕ್ಕನಿಗೆ ನಗು ಬಂತು, ಜೊತೆಗೆ ಬೇರೇನೋ ಬಂತು. ಎರಡೂ ಒಟ್ಟಿಗೆ ಬಂದಾಗ ಬಾಯಿ ಯಾವ ಆಕಾರಕ್ಕೆ ಹೋಗುತ್ತದೆಂದು ಅವಳಿಗೆ ವೃತ್ತಿಯಿಂದ ಗೊತ್ತಿತ್ತು. ಆದ್ದರಿಂದ ಕೈ ಅಡ್ಡ ಹಿಡಿದು ಒಳಗೆ ಹೋದಳು. ಐದು ನಿಮಿಷ ಬಿಟ್ಟು ಎಲ್ಲರಿಗೂ ಕಾಫಿ ತಂದಳು. ಗಂಡ ಕೂಡ ಒಳಗಿಂದ ಬಂದು, ಇನ್ನು ಫುಟ್‌ಬಾಲಿನ ಆಸೆ ಬಿಟ್ಟವನಂತೆ ಗೋಡೆಗೊರಗಿ ಕೂತ.

"ಕೊನೆ ಕೋಣೆ ಮುಂದೆ ನಿಲ್ಸಿದೀನಿ" ಎಂದು ಹಲ್ಲಕ್ಕ ಯಂತ್ರ ಹಚ್ಚಿದಳು. "ನಿಜವಾಗ್ಲೂ ಏನಿದೆ ನೋಡೋಣ."

ಅಣ್ಣ ಮೂವತ್ತನಾಲ್ಕು ವರ್ಷದ ಮೇಲೆ ಮತ್ತೆ ಮೂರನೆಯ ಭಾಗದ ಒಳಾಂಗಣ ನೋಡಿದ. ಕೆಲಸದ ಕಣ್ಣು ಸುಮ್ಮನಿರಲಿಲ್ಲ. "ಇಷ್ಟು ಎತ್ತರದ ಸೀಲಿಂಗು, ಯಾರು ಗುಡಿಸ್ತಾರೆ. ಹದಿನೆಂಟು ಕೋಣೆಗೆ ಒಂದೂ ಬಚ್ಚಲಿಲ್ಲ. ಗೋಡೆ ಪೂರ್ತಿ ತೇವ. ಇದನ್ನ ನಾನು ಬ್ಯಾಚುಲರ್‌ಗಳಿಗೂ ಕೊಡಿಸೋಕಾಗಲ್ಲ."

"ದಣಿ ಬ್ಯಾಚುಲರ್ರೇ ಅಲ್ವಾ" ಎಂದ ಗಂಡ.

ದಣಿ ಸಿಂಹಾಸನದಿಂದ ಎದ್ದ. ಹಲ್ಲಕ್ಕ ಹಿಂದಕ್ಕೆ ಸುತ್ತುವ ಗುಂಡಿಯನ್ನು ಒಂಬತ್ತು ಸಲ ಒತ್ತಿದಳು. ಅಣ್ಣ ಒಂದು ಸಲ ಕೇಳಿ ಇಸಿದುಕೊಂಡು, ಅರ್ಧ ನಿಮಿಷದಲ್ಲಿ ಸತ್ತು, ಗೌರವದಿಂದ ಹಿಂತಿರುಗಿಸಿದ. ಹತ್ತನೆಯ ಸಲ ಸನಿಕೆಯ ಏಟು ಸರಿಯಾಗಿ ದವಡೆಗೆ ಬಿತ್ತು. ಹಲ್ಲಕ್ಕ ಗುರಿಯಿಟ್ಟದ್ದೇ ಅಲ್ಲಿಗೆ. ದಣಿ ಬೂದಿಯಾದ. ಪರದೆ ಕಪ್ಪಾಯಿತು. ಎಲ್ಲರೂ ಮುಂದಕ್ಕೆ ಬಾಗಿದರು. ಬಿಳಿಯ ಅಕ್ಷರದಲ್ಲಿ ಎರಡು ಸಾಲು ಮೂಡಿತು.

ಕೆಟ್ಟವನು ಸತ್ತಾಯಿತು. ನಿಮ್ಮ ಸನಿಕೆಗೆ ಧನ್ಯವಾದ.

ಅದೂ ಮಾಯವಾಗಿ ಆಟ ಮತ್ತೆ ಮೊದಲಿನಿಂದ ಶುರುವಾಯಿತು.

"ಇಷ್ಟೇನಾ?" ಎಂದಳು ಅಮ್ಮ.

"ಇಷ್ಟೇ."

"ಮೂವತ್ತನಾಲ್ಕು ವರ್ಷ ಆದ್ಮೇಲೆ ಮತ್ತೆ ಮಾರೋವಾಗ್ಲಾದ್ರೂ ಎರಡು ಮಾತು ಸೇರಿಸಬಾರ್ದಾ? ಸನಿಕೆಗೆ ಧನ್ಯವಾದ ಅಂತೆ. ಬೀಸಿದವನಿಗೆ ಇಲ್ಲ."

ಅಣ್ಣ ಮಾತ್ರ ಕಾಫಿ ಲೋಟ ಹಿಡಿದು ಪರದೆಯನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಇದ್ದದ್ದು ಏನೆಂದು ಗುರುತಿಸಲು ಹಲ್ಲಕ್ಕನಿಗೆ ಒಂದು ಕ್ಷಣ ಬೇಕಾಯಿತು. ಇಷ್ಟು ವರ್ಷ ತಾನು ಏನನ್ನೋ ಕದ್ದು ತಂಗಿಗೆ ಕಡಿಮೆ ಕೊಟ್ಟೆನೆಂದು ಅವನು ಅಂದುಕೊಂಡಿದ್ದ. ಈಗ ಅಸಲಿಯನ್ನು ನೋಡಿದ್ದ.

"ನಿಂದೇ ಚೆನ್ನಾಗಿತ್ತು" ಎಂದಳು ಅವಳು.

"ಅತ್ತೆ ಇದ್ದದ್ದಕ್ಕೆ" ಎಂದಳು ಅಮ್ಮ.

ಅವತ್ತು ಮಧ್ಯಾಹ್ನವೇ ಹಲ್ಲಕ್ಕ ಜಾಲತಾಣದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದಳು. ಸೋದರತ್ತೆ ಆಟದಲ್ಲಿಲ್ಲ, ಅವಳನ್ನು ಹುಟ್ಟಿಸಿದ್ದು ಒಬ್ಬ ಮನೆ ಬ್ರೋಕರ್ ಮತ್ತು ಅವನ ತಾಯಿ, ಎಲ್ಲರೂ ದಯವಿಟ್ಟು ಗೋಡೆ ಕುಟ್ಟುವುದನ್ನು ನಿಲ್ಲಿಸಬೇಕು ಎಂದು. ಒಬ್ಬರೂ ನಂಬಲಿಲ್ಲ. ಕಂಪನಿಯವರು ಅವಳ ಬಾಯಿ ಮುಚ್ಚಿಸಿದ್ದಾರೆ ಎಂದು ಮುನ್ನೂರು ಜನರೂ ಒಮ್ಮತಕ್ಕೆ ಬಂದರು. ಎರಡು ಪಕ್ಷಗಳು ಅಷ್ಟರಮಟ್ಟಿಗೆ ಒಂದಾದವು. ಕಂಬಳಿ ಪಡೆದವನು ಆ ಕಂಬಳಿಯ ಬಣ್ಣವನ್ನೂ ನೆನಪಿಸಿಕೊಂಡ. ಅಣ್ಣ ಅದನ್ನೆಲ್ಲ ಓದಿಸಿಕೊಂಡು, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿ, ತಾನೇ ದಂಧೆಯವರೆಲ್ಲರಿಗೂ ಹೇಳಿಕೊಂಡು ಬಂದ.

ಮುಂದಿನ ಭಾನುವಾರ ಅವರು ಹೇಳದೆಯೇ ಬಂದರು. ನಾಲ್ಕನೆಯ ಭಾಗ ಉಳಿದಿತ್ತು, ಅದರ ಬಗ್ಗೆ ಆ ಮನೆಯಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಪರದೆಯ ಮೇಲೆ ಹಿಮ ಬೀಳುತ್ತಿತ್ತು. ಕಂದೀಲು ಹಿಡಿದ ಒಬ್ಬಳು ಹುಡುಗಿ ಸೇತುವೆಯ ಈಚೆ ನಿಂತಿದ್ದಳು. ಹಲ್ಲಕ್ಕ ಕೂರುವ ಮೊದಲೇ ಅಮ್ಮ ಕೈ ಚಾಚಿದಳು.

"ಇಲ್ಲಿ ಕೊಡು. ಎಕ್ಸ್‌ಚೇಂಜಲ್ಲಿ ಸಾವಿರ ತೂತು ಇರೋ ಬೋರ್ಡಲ್ಲಿ ಮೂವತ್ತು ವರ್ಷ ಕೈ ಆಡ್ಸಿದೀನಿ, ಇದರಲ್ಲಿ ಇರೋದು ಎಂಟು ಗುಂಡಿ."

ಸೇತುವೆಯ ನಡುವೆ ಒಂದು ಹಲಗೆ ಮುರಿದಿತ್ತು. ಅಮ್ಮ ಅದರೊಳಗೆ ಬಿದ್ದಳು. ಮತ್ತೆ ಬಿದ್ದಳು. ಹೇಗೆ ಹಾರಬೇಕೆಂದು ಹೇಳಲು ಹೋದ ಅಳಿಯನನ್ನು ಕಣ್ಣಿನಲ್ಲೇ ಕೂರಿಸಿದಳು. ಅಣ್ಣ ತಂಗಿ ಪಕ್ಕಪಕ್ಕದಲ್ಲಿ ಕೂತು, ತುಟಿ ಕಚ್ಚಿಕೊಂಡು, ಹನ್ನೊಂದು ಸಲ ಅಮ್ಮ ಹಳ್ಳಕ್ಕೆ ಹೋಗುವುದನ್ನು ನೋಡಿದರು. ಹನ್ನೆರಡನೆಯ ಸಲ ದಾಟಿದಳು.